ತೂಕದ ಕೆಳಗಿನ ಕವಲುಗೋಲು

ಆ ಗಾಡಿ ಹಳಿಯಾಳದ ದವಾಖಾನೆಯ ಅಂಗಳಕ್ಕೆ ಬಂದು ನಿಂತಾಗ ನನಗೆ ಮೊದಲು ಆದದ್ದು ಸಂತೋಷ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇಷ್ಟು ವರ್ಷದ ಮೇಲೆ ಸುಳ್ಳು ಹೇಳಿ ಯಾರನ್ನು ಮೆಚ್ಚಿಸಲಿ? ಹುಲ್ಲಿನ ಮೇಲೆ ಮಲಗಿದ್ದ ಹೆಣ್ಣುಮಗಳ ಎಡ ಪಾದ ಹೊರಮಗ್ಗುಲಿಗೆ ಹೊರಳಿ ಬಿದ್ದಿತ್ತು. ತೊಡೆ ನಡುವೆ ಬಾಗಿ ಊದಿಕೊಂಡಿತ್ತು. ತೊಡೆಯೆಲುಬು ನಟ್ಟನಡುವೆ ಮುರಿದಿದೆ ಎಂಬುದು ಹತ್ತು ಮಾರು ದೂರದಿಂದಲೇ ಗೊತ್ತಾಯಿತು. ಎರಡು ತಿಂಗಳಿಂದ ಚಳಿಜ್ವರ, ತುರಿಕಜ್ಜಿ, ಸೋರುವ ಕಿವಿ ನೋಡಿ ನೋಡಿ ಬೇಸತ್ತಿದ್ದ ನಾನು ಮೆಟ್ಟಿಲು ಇಳಿಯಲಿಲ್ಲ, ಜಿಗಿದೆ.

ಎರಡನೇ ಮಹಾಯುದ್ಧ ನಡೆದಿದ್ದ ಕಾಲ. ನಾನು ಮುಂಬೈಯ ಒಂದು ದೊಡ್ಡ ಆಸ್ಪತ್ರೆಯ ಎಲುಬಿನ ವಾರ್ಡಿನಲ್ಲಿ ಒಂದೂವರೆ ವರ್ಷ ಕೆಲಸ ಕಲಿತು ಬಂದಿದ್ದೆ. ಕಾಲೇಜೂ ಆಸ್ಪತ್ರೆಯೂ ಒಂದೇ ಆವರಣದಲ್ಲಿದ್ದ ಜಾಗ ಅದು. ಎಲುಬಿನ ಕೆಲಸ ಆಗಷ್ಟೇ ಉಳಿದ ಶಸ್ತ್ರಚಿಕಿತ್ಸೆಯಿಂದ ಬೇರೆಯಾಗಿ ತನ್ನದೇ ಒಲೆ ಹೂಡಿತ್ತು. ಅದರೊಳಗೂ ಮತ್ತೆ ಪಾಲು. ಒಬ್ಬ ಸರ್ಜನ್ನರಿಗೆ ಮಕ್ಕಳ ಸೊಟ್ಟ ಪಾದ, ಇನ್ನೊಬ್ಬರಿಗೆ ಕ್ಷಯ ಹಿಡಿದ ಬೆನ್ನು, ನಮ್ಮ ಮುಖ್ಯಸ್ಥರಿಗೆ ಮುರಿದ ಕೈಕಾಲು. ಅವರ ಕೈಕೆಳಗೆ ಸೇರಿದವರಿಗೆ ಮೊದಲ ಮೂರು ತಿಂಗಳು ಚಾಕು ಮುಟ್ಟುವಂತಿರಲಿಲ್ಲ. ಬರೀ ಟೇಪು. ಸೊಂಟದ ಮುಂದಿನ ಎಲುಬಿನ ತುದಿಯಿಂದ ಕಣಕಾಲಿನ ಒಳಮಗ್ಗುಲ ಗಂಟಿನವರೆಗೆ ಕಾಲು ಅಳೆಯುವುದು, ಅಳೆದದ್ದನ್ನೇ ಮತ್ತೆ ಅಳೆಯುವುದು. ದರ್ಜಿ ಅಂಗಡಿಗೆ ಸೇರಿದೆವೇನೋ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ಆ ವಾರ್ಡಿನಲ್ಲಿ ರಿಜಿಸ್ಟ್ರಾರನ, ಅಂದರೆ ಮುಖ್ಯಸ್ಥರ ಕೈಕೆಳಗಿನ ಕಾಯಂ ಸರ್ಜನ್ನನ, ಜಾಗ ಒಂದೇ, ಆಸೆಪಟ್ಟವರು ನಾಲ್ಕು ಮಂದಿ. ಮುಖ್ಯಸ್ಥರದು ಒಂದು ವಿಚಿತ್ರ ಪದ್ಧತಿ. ಜಾಗ ಬೇಕೆನ್ನುವವನು ಎಕ್ಸ್‌ರೇ ಇಲ್ಲದ ಊರಿನಲ್ಲಿ ಒಂದು ವರ್ಷ ದುಡಿಯಬೇಕು, ಮುರಿದ ಒಂದು ಎಲುಬನ್ನು ಮೊದಲಿಂದ ಕೊನೆಯವರೆಗೆ ಒಬ್ಬನೇ ನೋಡಿಕೊಂಡು ಅದರ ಕಡತ ಕಳಿಸಬೇಕು. ನನಗೆ ಹಳಿಯಾಳ ಸಿಕ್ಕಿತು. ಹೊರಡುವಾಗ ಅವರು ತಮ್ಮ ಹಳೆಯ ಪೆಟ್ಟಿಗೆಯೊಂದನ್ನು ಕೈಗಿತ್ತರು. ಅದರಲ್ಲಿ ಎಲುಬಿಗೆ ಕೂಡಿಸುವ ನಾಲ್ಕು ಉಕ್ಕಿನ ಪಟ್ಟಿ, ಸ್ಕ್ರೂ, ಎರಡು ಮೊಳೆಗಳಿದ್ದವು. ಆ ಪೆಟ್ಟಿಗೆಯನ್ನು ನಾನು ದಿನಕ್ಕೊಮ್ಮೆ ತೆರೆದು ಒರೆಸಿ ಮುಚ್ಚುತ್ತಿದ್ದೆ.

ಬಂದವರು ಮುಂಡಗೋಡದ ಕಡೆಯ ಇಂದೂರೆಂಬ ಹಳ್ಳಿಯ ಗಂಡಹೆಂಡಿರು. ಸುಗ್ಗಿ ಮುಗಿದು ಕೆಲಸವಿಲ್ಲದ ದಿನಗಳಲ್ಲಿ ಗಾಡಿ ಕಟ್ಟಿಕೊಂಡು ದಾಂಡೇಲಿಗೆ ಹೋಗಿ, ಕಾಡಿನಿಂದ ರೈಲಿನ ಡಿಪೋಕ್ಕೆ ಸಾಗವಾನಿ ದಿಮ್ಮಿ ಸಾಗಿಸುತ್ತಿದ್ದರು. ಗಂಡ ಸರಪಳಿ ಬಿಚ್ಚುವಾಗ ಒಂದು ದಿಮ್ಮಿ ಉರುಳಿ, ಪಕ್ಕದಲ್ಲಿ ಎತ್ತು ಹಿಡಿದು ನಿಂತಿದ್ದ ಆಕೆಯ ತೊಡೆಯ ಮೇಲೆ ಹಾದಿತ್ತು. ಏಳೆಂಟು ತಾಸು ಗಾಡಿಯಲ್ಲಿ ಕುಲುಕಿಸಿಕೊಂಡು ಬಂದವಳು ನನ್ನ ಮುಖ ನೋಡಿ, "ಏನ್ರೀ ಡಾಕ್ಟರ, ನನ್ನ ಕಾಲು ಮುರದೈತಿ, ನೀವ್ಯಾಕ ನಗಾಕತ್ತೀರಿ?" ಎಂದಳು. ನಾನು ನಗುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ.

ಹುಬ್ಬಳ್ಳಿಗೆ ಕಳಿಸಬಹುದಿತ್ತು. ನಮ್ಮ ದವಾಖಾನೆಯ ಕಂಪೌಂಡರು ಅದನ್ನೇ ಹೇಳಿದರು. ಇದ್ದಿಲಿನಿಂದ ಓಡುವ ಆಗಿನ ಬಸ್ಸಿನಲ್ಲಿ ಈ ತೊಡೆ ಹೋದರೆ ಮುರಿದ ಎಲುಬಿನ ಮೊನೆ ರಕ್ತನಾಳ ಹರಿದೀತು ಎಂದು ನಾನು ಅಡ್ಡ ನಿಂತೆ. ಅದು ನಿಜವೇ. ಆದರೆ ಅಷ್ಟೇ ನಿಜವಲ್ಲ. ನನಗೆ ಆ ತೊಡೆ ಬೇಕಾಗಿತ್ತು.

ತೊಡೆಯ ಸ್ನಾಯುಗಳಿಗೆ ಭಾರೀ ಬಲ. ಎಲುಬು ಮುರಿದ ಕೂಡಲೇ ಅವು ಎರಡು ತುಂಡುಗಳನ್ನು ಒಂದರ ಪಕ್ಕಕ್ಕೊಂದು ಎಳೆದುಕೊಂಡುಬಿಡುತ್ತವೆ, ಕಾಲು ಗಿಡ್ಡಾಗುತ್ತದೆ. ಆಕೆಯ ಎಡಗಾಲು ಬಲಗಾಲಿಗಿಂತ ಎರಡು ಇಂಚು ಕಡಿಮೆಯಿತ್ತು. ಹಾಗೆಯೇ ಬೆಸೆದುಕೊಂಡರೆ ಜೀವನಪೂರ್ತಿ ಕುಂಟು. ಗಾಡಿಯ ಜೊತೆ ದಿನವಿಡೀ ನಡೆಯುವ ಹೆಂಗಸಿಗೆ ಅದು ಸಣ್ಣ ಮಾತಲ್ಲ. ಎರಡು ಮೂರು ವಾರದೊಳಗೆ, ಹೊಸ ಎಲುಬು ಗಟ್ಟಿಯಾಗುವ ಮೊದಲು, ಕಾಲನ್ನು ಎಳೆದು ಸರಿ ಉದ್ದಕ್ಕೆ ತರಬೇಕು.

ಎಳೆಯುವ ಸಲಕರಣೆ ನಮ್ಮಲ್ಲಿರಲಿಲ್ಲ. ದಾಂಡೇಲಿಯ ಕಟ್ಟಿಗೆ ಕೊಯ್ಯುವ ಗಿರಣಿಯೊಂದರ ಮಿಸ್ತ್ರಿ ನನಗೆ ಪರಿಚಯ, ಒಮ್ಮೆ ಅವನ ಕಣ್ಣಿನಿಂದ ಕಬ್ಬಿಣದ ಚೂರು ತೆಗೆದಿದ್ದೆ. ಹೇಳಿಕಳಿಸಿದ ಮರುದಿನವೇ ಬಂದ. ನಾನು ಬರೆದುಕೊಟ್ಟ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಡಾಕ್ಟರ್ ಸಾಹೇಬ್ರ, ಇದೇನ್ ಕಾಲು ಜೋಡಸೂದೋ, ಬಾವಿಯಿಂದ ನೀರು ಸೇದೂದೋ?" ಎಂದ. ಆದರೂ ಸಂಜೆಯೊಳಗೆ ಗಾಡಿಯ ಕಂಬಿಯಿಂದ ಕಾಲಿಡುವ ಚೌಕಟ್ಟು, ಗಿರಣಿಯ ಹಳೇ ರಾಟೆ, ತೂಕಕ್ಕೆ ಎರಕದ ತುಂಡುಗಳು ಎಲ್ಲ ತಯಾರು. ಮೊಣಕಾಲಿನ ಕೆಳಗಿನ ಎಲುಬಿಗೆ ಮರಗಟ್ಟಿಸುವ ಮದ್ದು ಚುಚ್ಚಿ, ಕೈ ಡ್ರಿಲ್ಲಿನಿಂದ ಉಕ್ಕಿನ ಮೊಳೆಯೊಂದನ್ನು ಆರಪಾರ ಹಾಯಿಸಿದೆ. ಮೊಳೆಗೆ ಹಗ್ಗ, ಹಗ್ಗ ರಾಟೆಯ ಮೇಲೆ, ರಾಟೆಯಾಚೆ ಹದಿನಾರು ರತ್ತಲು, ಅಂದರೆ ಹದಿನಾರು ಪೌಂಡು, ಕಬ್ಬಿಣ. ಆಕೆಯ ಮೈ ಆ ಕಡೆ ಜಾರದಂತೆ ಮಂಚದ ಕಾಲ್ದೆಸೆಗೆ ಇಟ್ಟಿಗೆ. ಮೊಳೆ ಆಚೆ ಬದಿಗೆ ಹೊರಬಂದ ಕ್ಷಣ ನನಗೆ ಕುಣಿಯುವಂತಾಯಿತು. ಗಂಡ ಬಾಗಿಲಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ.

ಮೂರು ದಿನಕ್ಕೆ ಅರ್ಧ ಇಂಚು ಗೆದ್ದೆವು. ಐದನೇ ದಿನಕ್ಕೆ ಇನ್ನೊಂದು ಪಾವಿಂಚು, ಅಂದರೆ ಇಂಚಿನ ಕಾಲುಭಾಗ. ಒಂದೂಕಾಲು ಇಂಚಿನ ಕೊರತೆ ಉಳಿದು ಅಲ್ಲಿಗೆ ನಿಂತಿತು. ಪ್ರತಿ ಬೆಳಿಗ್ಗೆ ದವಾಖಾನೆಗೆ ಬಂದವನೇ ಟೇಪು ಹಿಡಿಯುತ್ತಿದ್ದೆ. ಒಂದೂ ಪಾವಿಂಚು ಕಡಿಮೆ. ಮರುದಿನವೂ ಒಂದೂ ಪಾವು. ಹದಿನೆಂಟು ರತ್ತಲು ಮಾಡಿದೆ. ಇಪ್ಪತ್ತು ಮಾಡಿದೆ. ಇಪ್ಪತ್ತನಾಲ್ಕು ಮಾಡಿದೆ. ಕಾಲು ಜಪ್ಪಯ್ಯ ಅನ್ನಲಿಲ್ಲ.

"ತೊಡಿ ಹಾರತೈತ್ರಿ," ಎಂದು ಆಕೆ ದೂರುತ್ತಿದ್ದಳು. "ಒಮ್ಮಿಂದೊಮ್ಮೆ ಮೀನು ಒದ್ದಾಡಿದಂಗ ಒದ್ದಾಡ್ತೈತಿ." ಸ್ನಾಯು ಇನ್ನೂ ಸೆಟೆದಿದೆ, ತೂಕ ಸಾಲದು ಎಂದು ನಾನು ಮತ್ತೊಂದು ತುಂಡು ಸೇರಿಸುತ್ತಿದ್ದೆ. ಗಂಡ ಆ ತುಂಡನ್ನೂ ನನ್ನನ್ನೂ ನೋಡುತ್ತಿದ್ದ. ಬಾಯಿ ಬಿಡುವ ಮನುಷ್ಯನಲ್ಲ. ಹಗಲಿರುಳು ಆ ಮಂಚದ ಕಾಲ್ದೆಸೆಯಲ್ಲೇ ಅವನ ವಾಸ. ಮೂಲೆಯಲ್ಲಿ ಅವನ ಬಾರುಕೋಲು, ಕಂಬಳಿ, ಒಂದು ಸಣ್ಣ ಕವಲುಗೋಲು. ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಎದ್ದು ನಿಂತು ಕೈ ಮುಗಿಯುತ್ತಿದ್ದ.

ಹದಿನೈದನೆಯ ದಿನ ನನಗೆ ಉತ್ತರ ಹೊಳೆಯಿತು. ಪುಸ್ತಕದಲ್ಲೇ ಇತ್ತಲ್ಲ! ಮುರಿದ ತುದಿಗಳ ನಡುವೆ ಮಾಂಸ ಸಿಕ್ಕಿಕೊಂಡರೆ ಎಷ್ಟು ಎಳೆದರೂ ಎಲುಬು ಬರುವುದಿಲ್ಲ. ಆಗ ಇರುವುದೊಂದೇ ದಾರಿ: ತೊಡೆ ಬಿಚ್ಚುವುದು, ಮಾಂಸ ಸರಿಸುವುದು, ಉಕ್ಕಿನ ಪಟ್ಟಿ ಕೂಡಿಸುವುದು. ಪೆಟ್ಟಿಗೆ ತೆರೆದು ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಆ ದಿನ ನನಗೆ ಊಟ ಸೇರಲಿಲ್ಲ, ಖುಷಿಗೆ.

ಅಪಾಯ ಗೊತ್ತಿರಲಿಲ್ಲವೆಂದಲ್ಲ. ಎಲುಬಿನೊಳಗೆ ಕೀವಾದರೆ ನಿಲ್ಲಿಸಲು ನಮ್ಮ ಕೈಯಲ್ಲಿದ್ದದ್ದು ಸಲ್ಫಾ ಪುಡಿಯೊಂದೇ. ಕಾಲು ಹೋಗಬಹುದಿತ್ತು, ಜೀವವೂ ಹೋಗಬಹುದಿತ್ತು. ಅದನ್ನು ಗಂಡನಿಗೆ ಹೇಳಿದೆ. ಅವನು, "ಬಿಚ್ಚಲಾರದ ಆಗೂದಿಲ್ಲೇನ್ರಿ?" ಎಂದ. ಆಗುವುದಿಲ್ಲ ಎಂದೆ. ಹೆಬ್ಬೆಟ್ಟು ಒತ್ತಿದ. ಆಕೆಯನ್ನು ನಾವಿಬ್ಬರೂ ಕೇಳಲಿಲ್ಲ.

ಶಸ್ತ್ರಚಿಕಿತ್ಸೆ ಹತ್ತೊಂಬತ್ತನೆಯ ದಿನಕ್ಕೆ ನಿಗದಿಯಾಯಿತು. ಮಿಸ್ತ್ರಿ ಡ್ರಿಲ್ಲಿನ ಮೊನೆಗಳನ್ನು ಸಾಣೆ ಹಿಡಿದು ತರುವವನಿದ್ದ. ಕಂಪೌಂಡರು ಕ್ಲೋರೋಫಾರ್ಮ್ ಕೊಡುವವರು, ಕೈ ನಡುಗದಿರಲೆಂದು ಈಗಿನಿಂದಲೇ ಚಹಾ ಬಿಟ್ಟಿದ್ದರು. ಇನ್ನೊಂದು ಕೆಲಸ ಉಳಿದಿತ್ತು. ನಮ್ಮ ಮುಖ್ಯಸ್ಥರ ನಿಯಮದ ಪ್ರಕಾರ, ಎಳೆತಕ್ಕೆ ಹಾಕಿದ ಕಾಲನ್ನು ಬಿಚ್ಚುವ ಹಿಂದಿನ ದಿನ ಸರ್ಜನ್ ತಾನೇ ಬೆಳಗಿನಿಂದ ಸಂಜೆಯವರೆಗೆ ಎರಡೆರಡು ತಾಸಿಗೆ ಅಳೆದು ಅಳತೆಗಳ ತಖ್ತೆ ತುಂಬಬೇಕು. ತಖ್ತೆ ಇಲ್ಲದ ಕಡತವನ್ನು ಅವರು ಓದುವುದೇ ಇಲ್ಲ. ಕಾಟಾಚಾರದ ಕೆಲಸವೆಂದು ಬೈದುಕೊಳ್ಳುತ್ತ ಹದಿನೆಂಟನೆಯ ದಿನ ಸೂರ್ಯ ಹುಟ್ಟುವಾಗ ಹೋಗಿ ಕುಳಿತೆ.

ಆರಕ್ಕೆ ಒಂದೂ ಪಾವಿಂಚು ಕಡಿಮೆ. ಬರೆದೆ.

ಎಂಟಕ್ಕೆ ಒಂದು ಇಂಚು. ನನ್ನ ಕೈ ಎಲ್ಲೋ ತಪ್ಪಿರಬೇಕು ಎಂದುಕೊಂಡೆ. ಹತ್ತಕ್ಕೆ ಮುಕ್ಕಾಲು ಇಂಚು! ಕಂಪೌಂಡರನ್ನು ಕೂಗಿ ಅವರ ಕೈಯಿಂದಲೂ ಅಳೆಸಿದೆ. ಅವರಿಗೂ ಮುಕ್ಕಾಲೇ ಬಂತು. ಹನ್ನೆರಡಕ್ಕೆ ಅರ್ಧ ಇಂಚು. ಎಲುಬು ಬರುತ್ತಿದೆ! ನಡುವೆ ಮಾಂಸವೂ ಇಲ್ಲ, ಏನೂ ಇಲ್ಲ. ಹಾಗಾದರೆ ಇಷ್ಟು ದಿನ ಬೆಳಿಗ್ಗೆ ನಾನು ಅಳೆದದ್ದೇನು? ಹನ್ನೆರಡರಿಂದ ಮೂರರವರೆಗೆ ದವಾಖಾನೆ ಮುಚ್ಚುತ್ತಿತ್ತು. ಮನೆಗೆ ಹೋಗಿ ತಾಟಿನ ಮುಂದೆ ಕುಳಿತೆ. ಎರಡು ತುತ್ತು ಇಳಿಯಲಿಲ್ಲ. ಕೈ ತೊಳೆದು ಆ ರಣಬಿಸಿಲಿನಲ್ಲಿ ವಾಪಸ್ ಓಡಿದೆ.

ವಾರ್ಡಿನ ಬಾಗಿಲು ಅರೆ ಮುಚ್ಚಿತ್ತು. ಆಕೆ ಕಣ್ಣು ಮುಚ್ಚಿದ್ದಳು. ಗಂಡ ಕಾಲ್ದೆಸೆಯಲ್ಲಿ ಗೋಡೆಗೆ ಒರಗಿ ತೂಕಡಿಸುತ್ತಿದ್ದ. ಇಪ್ಪತ್ತನಾಲ್ಕು ರತ್ತಲು ಕಬ್ಬಿಣ ಗಾಳಿಯಲ್ಲಿ ತೂಗುತ್ತಿರಲಿಲ್ಲ. ಅದರ ಕೆಳಗೆ ಅಚ್ಚುಕಟ್ಟಾಗಿ ಆ ಸಣ್ಣ ಕವಲುಗೋಲು ಆಸರೆಯಾಗಿ ನಿಂತಿತ್ತು. ಹಗ್ಗ ಸಡಿಲಾಗಿ ಜೋತಿತ್ತು.

ನಾನು ಕೂಗಿದ ಕೂಗಿಗೆ ಹೊರಗೆ ಕಟ್ಟಿದ್ದ ಎತ್ತುಗಳೂ ಎದ್ದವಂತೆ. ಕೋಲನ್ನು ಕಾಲಿನಿಂದ ಒದೆಯಲು ಹೋದವನು, ತೂಕ ಒಮ್ಮೆಲೇ ಬಿದ್ದರೆ ಆಕೆಗೆ ಪ್ರಾಣ ಹೋದಂತಾದೀತೆಂದು ತಡೆದು, ಕೈಯಲ್ಲೇ ಮೆಲ್ಲಗೆ ಇಳಿಬಿಟ್ಟೆ. ಆಮೇಲೆ ಬಾಯಿಗೆ ಬಂದಂತೆ ಬೈದೆ. ಆಕೆಯ ಕಾಲನ್ನು ನೀನೇ ಗಿಡ್ಡ ಮಾಡುತ್ತಿದ್ದೀ, ನಾಳೆ ಅವಳ ತೊಡೆ ಸೀಳುವವನಿದ್ದೆನಲ್ಲೋ, ಯಾವಾಗಿನಿಂದ ನಡೆದಿದೆ ಇದು?

"ಮೊದಲನೇ ದಿನದಿಂದ್ರಿ," ಎಂದ ಅವನು. "ಮೊದಲ ಬರೀ ಮಧ್ಯಾಹ್ನ ಒಂದೀಟು ಕೊಡ್ತಿದ್ದೆ. ನೀವು ಭಾರ ಏರಿಸಿದಂಗ ಕತ್ತಲಾದಾಗೂ ಕೊಟ್ಟೆ. ನಿಂತ ಎತ್ತಿನ ಕುತ್ತಿಗಿ ಮ್ಯಾಲ ಭಾರ ಬಿಡಬಾರದಲ್ರಿ. ಗಾಡಿ ನಿಂತ ಕೂಡ್ಲೆ ನೊಗದ ಕೆಳಗ ಕೋಲು ಕೊಡ್ತೇವಿ. ಹೊಂಟಾಗ ತಗೀತೇವಿ. ನಮ್ಮ ಅಪ್ಪ ನನಗ ಮೊದಲ ಕಲಿಸಿದ್ದ ಅದನ್ನ. ಇಕಿ ಎತ್ತಿಗಿಂತ ಕಡಿಮಿ ಏನ್ರಿ?"

ಎಲ್ಲ ಒಮ್ಮೆಲೇ ಅರ್ಥವಾಯಿತು. ಕೋಲು ಕೊಟ್ಟಾಗ ಎಳೆತ ತಪ್ಪಿ ಸ್ನಾಯು ಸೆಟೆಯುತ್ತಿತ್ತು, ತೊಡೆ ಹಾರುತ್ತಿತ್ತು. ಅದಕ್ಕೆ ನಾನು ತೂಕ ಏರಿಸುತ್ತಿದ್ದೆ. ತೂಕ ಏರಿದಷ್ಟೂ ಅವನ ಕರುಳು ಚುರುಗುಟ್ಟಿ ಇನ್ನಷ್ಟು ಹೊತ್ತು ಕೋಲು ಕೊಡುತ್ತಿದ್ದ. ಹಗಲು ಗೆದ್ದದ್ದನ್ನೆಲ್ಲ ಬೆಳಗಿನೊಳಗೆ ಕಳೆದುಕೊಂಡು, ಬೆಳಿಗ್ಗೆ ನಾನು ಬಂದು ಅಳೆಯುತ್ತಿದ್ದೆ. ಹದಿನೆಂಟು ದಿನ ನಾವಿಬ್ಬರೂ ಆ ಒಂದು ಕಾಲನ್ನು ಜಗ್ಗಾಡಿದ್ದೆವು.

ಆಕೆ ಎಚ್ಚರವಾಗಿದ್ದಳು. "ಬೈಬ್ಯಾಡ್ರಿ ಅವಗ," ಎಂದಳು. "ಆ ಕಬ್ಬಿಣ ಯಾಕ ಜೋತು ಬಿದ್ದೈತಿ ಅಂತ ನೀವು ಹೇಳಿದ್ರೇನು? ಮಿಸ್ತ್ರಿಗೆ ಚಿತ್ರ ಬರದು ತೋರಿಸಿದ್ರಿ. ಕಂಪೌಂಡರಿಗೆ ದಿನಾ ಇಂಗ್ಲೀಷಿನ್ಯಾಗ ಹೇಳಿದ್ರಿ. ಇಲ್ಲೇ ಕುಂತಾವಗ ಒಂದು ಮಾತು ಅಂದ್ರೇನು?"

ಅಂದಿರಲಿಲ್ಲ. ನೆಲದ ಮೇಲೆ ಅವನ ಎದುರಿಗೆ ಕುಳಿತೆ. ಎರಡು ಸೌದೆ ತುಂಡು ತಂದು, ಒಂದರ ಪಕ್ಕ ಒಂದು ಸರಿದ ಎಲುಬು ಹೇಗಿರುತ್ತದೆ, ತೂಕ ಅದನ್ನು ಹೇಗೆ ಎಳೆಯುತ್ತದೆ, ಬಿಟ್ಟರೆ ಹೇಗೆ ಹಿಂದಕ್ಕೆ ಸರಿಯುತ್ತದೆ ಎಂದು ತೋರಿಸಿದೆ. ಅವನು ಸೌದೆ ಕೈಗೆ ತೆಗೆದುಕೊಂಡು ತಾನೇ ಎರಡು ಮೂರು ಸಲ ಸರಿಸಿ ನೋಡಿದ.

"ಅಂದ್ರ ಗಾಡಿ ನಿಂತಿಲ್ಲ," ಎಂದ ಕೊನೆಗೆ. "ಏರು ಹತ್ತಾಕತ್ತೈತಿ."

"ಹೌದ್ರಿ."

"ಏರಿನ್ಯಾಗ ಹಿಂಗ ಕೋಲು ಕೊಟ್ಟು ಎತ್ತು ಬಿಟ್ರ ಗಾಡಿ ಹಿಂದ ಹೊಕ್ಕೈತಿ. ಎಷ್ಟು ದಿನದ ಏರು ಇದು?"

"ಇನ್ನೂ ಎರಡು ತಿಂಗಳು."

ಅವನು ಎದ್ದು, ಕವಲುಗೋಲನ್ನು ಮೊಣಕಾಲಿಗೆ ಕೊಟ್ಟು ಮುರಿದು, ಹೊರಗೆ ಒಲೆಯ ಪಕ್ಕ ಒಗೆದು ಬಂದ.

ನಿರ್ಧಾರ ಈಗ ನನ್ನದು. ಮರುದಿನಕ್ಕೆ ಎಲ್ಲ ತಯಾರಿತ್ತು. ತೊಡೆ ಬಿಚ್ಚಿದರೆ ಒಂದು ತಾಸಿನಲ್ಲಿ ಎಲುಬು ನೇರವಾಗುತ್ತದೆ, ಕಡತಕ್ಕೆ ಕಳೆಯೂ ಬರುತ್ತದೆ. ಕಾಯ್ದರೆ? ಹದಿನೆಂಟು ದಿನವಾಗಿತ್ತು. ಹೊಸ ಎಲುಬು ಎಳೆಯ ಗಿಣ್ಣದಂತಿದ್ದು ಇನ್ನೂ ಹಿಗ್ಗೀತು, ನಾಲ್ಕೈದು ದಿನ ಕಳೆದರೆ ಹಿಗ್ಗಲಿಕ್ಕಿಲ್ಲ. ಆಮೇಲೆ ಬಿಚ್ಚುವುದೂ ಕಷ್ಟ. ಆ ನಾಲ್ಕೈದು ದಿನವನ್ನು ಇದೇ ಗಾಡಿಯವನ ಕೈಗೆ ಒಪ್ಪಿಸಬೇಕು. ನನ್ನ ಬೆರಳುಗಳು ಡ್ರಿಲ್ಲಿಗೆ ತುರಿಸುತ್ತಿದ್ದವು, ಅದನ್ನು ಮುಚ್ಚಿಡಲಾರೆ. ಎರಡು ಗಂಟೆಗೆ ಅಳೆದೆ, ನಾಲ್ಕಕ್ಕೆ ಅಳೆದೆ. ಆರಕ್ಕೆ ಮತ್ತೆ ಅರ್ಧ ಇಂಚಿಗೆ ಬಂದು ನಿಂತಿತು. ಟೇಪು ಸುತ್ತಿಟ್ಟು, ಕಂಪೌಂಡರಿಗೆ, "ಚಹಾ ಕುಡೀರಿ, ನಾಳೆ ಏನೂ ಇಲ್ಲ" ಎಂದೆ.

ಮಿಸ್ತ್ರಿ ಮುಂಜಾನೆ ಸಾಣೆ ಹಿಡಿದ ಮೊನೆಗಳನ್ನು ಹೊಸ ಅರಿವೆಯಲ್ಲಿ ಸುತ್ತಿ ತಂದವನು ಮುಖ ಇಳಿಬಿಟ್ಟ. "ಇಷ್ಟು ಚೂಪ್ ಮಾಡಿದ್ದೆ ಸಾಹೇಬ್ರ, ಸಾಗವಾನಿ ಬೆಣ್ಣಿ ಹಂಗ ಹೋಗ್ತಿತ್ತು," ಎಂದ. ನನ್ನ ಸಂಕಟ ಅವನೊಬ್ಬನಿಗೇ ಅರ್ಥವಾಗಿದ್ದು.

ಗಾಡಿಯವನ ಕಾವಲು ನೋಡಬೇಕಾಗಿತ್ತು! ತೂಕದ ಹತ್ತಿರ ಒಬ್ಬರನ್ನೂ ಬಿಡಲಿಲ್ಲ. ಕಸ ಹೊಡೆಯುವವಳ ಕಸಬರಿಗೆ ಒಮ್ಮೆ ಕಬ್ಬಿಣಕ್ಕೆ ತಾಗಿದ್ದಕ್ಕೆ ಅವಳಿಗೆ ಸೌದೆ ತುಂಡು ತೋರಿಸಿ ನನ್ನ ಪಾಠವನ್ನೆಲ್ಲ ಒಪ್ಪಿಸಿದ. ಕಂಪೌಂಡರು ಹಾದುಹೋಗುವಾಗ ಧೋತರ ಎತ್ತಿ ಹಿಡಿದು ಹೋಗಬೇಕಾಯಿತು. ಒಂದು ರಾತ್ರಿ ಕಳೆದ ಮೇಲೆ ಆಕೆಯ ತೊಡೆ ಹಾರುವುದು ನಿಂತಿತು. ಎರಡನೆಯ ದಿನ ಬೆಳಿಗ್ಗೆ ಮುಕ್ಕಾಲು ಇಂಚಿಗೆ ಹಿಂದೆ ಸರಿದಿರಲಿಲ್ಲ, ಅರ್ಧವೇ ಇತ್ತು. ಮೂರನೆಯ ದಿನ ಅರ್ಧಕ್ಕೂ ಕೊಂಚ ಕಡಿಮೆ. ನಾಲ್ಕನೆಯ ದಿನ ಟೇಪಿನ ತುದಿ ಕಣಕಾಲಿನ ಗಂಟಿಗೆ ತಾಗಿಸಿ ಓದಿದೆ, ನಂಬಿಕೆಯಾಗದೆ ಮತ್ತೆ ಓದಿದೆ. ಪಾವಿಂಚು. ಮುಂಬೈಯ ನಮ್ಮ ವಾರ್ಡಿನಲ್ಲಿ ಪಾವಿಂಚನ್ನು ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. "ಪಾವಿಂಚಷ್ಟೇ ಕಡಿಮಿ ಐತ್ರಿ!" ಎಂದು ಕೂಗುತ್ತ ನಾನು ಕಂಪೌಂಡರನ್ನು ಅಪ್ಪಿಕೊಂಡೆ. ಅವರ ಕೈಯಲ್ಲಿದ್ದ ಕ್ವಿನೈನ್ ಬಾಟಲಿ ಬಿದ್ದು ಒಡೆಯಿತು. ಯಾರಿಗೂ ಬೇಸರವಾಗಲಿಲ್ಲ.

ಯುಗಾದಿ ಕಳೆದು ಎರಡು ವಾರಕ್ಕೆ ಎಲುಬು ಗಟ್ಟಿಯಾಯಿತು. ತೂಕ ಇಳಿಸುವ ಕೆಲಸ ನಾನು ಮಾಡಲಿಲ್ಲ. ಗಂಡನನ್ನು ಕರೆದು, "ಊರು ಬಂತು, ನೀವೇ ಇಳಸ್ರಿ" ಎಂದೆ. ಅವನು ಒಂದೊಂದೇ ತುಂಡು ತೆಗೆದು ಸಾಲಾಗಿ ಜೋಡಿಸಿದ. ಮಳೆಗಾಲಕ್ಕೆ ಮೊದಲು ಬಗಲಗೋಲು ಊರಿಕೊಂಡು ಆಕೆ ಗಾಡಿ ಹತ್ತಿದಳು.

ಕಡತವನ್ನು ಮುಂಬೈಗೆ ಕಳಿಸಿದೆ. ಹದಿನೆಂಟು ದಿನ ಯಾಕೆ ವ್ಯರ್ಥವಾಯಿತು ಎಂಬ ಕಡೆ ಮೊದಲು 'ಸಂಬಂಧಿಕರ ತಿಳಿಗೇಡಿತನ' ಎಂದು ಬರೆದಿದ್ದೆ. ಹೊಡೆದುಹಾಕಿ, 'ಸರ್ಜನ್ ಹೇಳಬೇಕಾದವರಿಗೆ ಹೇಳಲಿಲ್ಲ' ಎಂದು ಬರೆದೆ. ಮುಖ್ಯಸ್ಥರಿಂದ ಎರಡು ಸಾಲಿನ ಉತ್ತರ ಬಂತು. ಊರುಗೋಲಿಲ್ಲದೆ ಆಕೆ ನಡೆದದ್ದನ್ನು ನಾನು ಕಣ್ಣಾರೆ ನೋಡಿ ಬರೆದ ಮೇಲೆಯೇ ರಿಜಿಸ್ಟ್ರಾರನ ಜಾಗದ ಮಾತು, ಎಂದು.

ದೀಪಾವಳಿಯ ನಂತರ ಅವರ ಗಾಡಿ ಮತ್ತೆ ಅಂಗಳಕ್ಕೆ ಬಂತು. ನಾನು ವರಾಂಡದಲ್ಲಿ ನಿಂತೆ. ಆಕೆ ಇಳಿದಳು. ಕೈಯಲ್ಲಿ ಕೋಲಿರಲಿಲ್ಲ. ನಡೆದು ಬಂದಳು. ಕುಂಟುತ್ತ ಬಂದಳು.

ಒಂದೊಂದು ಹೆಜ್ಜೆಗೂ ಆಕೆಯ ಸೊಂಟ ಏರಿ ಇಳಿಯುತ್ತಿತ್ತು. ಎಲುಬು ಬಾಗಿತೇ? ಬೇಗ ಇಳಿಸಿಬಿಟ್ಟೆನೇ? "ತೂಕ ಇಳಿಸಿ ಏಳು ತಿಂಗಳಾತ್ರಿ, ಹಿಂಗ ಐತಿ," ಎಂದಳು. ಮೊದಲ ಸಲ ಆಕೆಯ ದನಿಯಲ್ಲಿ ಕೊಂಕು ಇರಲಿಲ್ಲ. "ಹಣೇಬರಾ ಇಷ್ಟ ಅಂತ ಸುಮ್ನಾಗೇನಿ." ಬೆಂಚಿನ ಮೇಲೆ ಮಲಗಿಸಿ ಅಳೆದೆ. ಪಾವಿಂಚು. ತಿರುಗಿ ಅಳೆದೆ. ಪಾವಿಂಚೇ! ತೊಡೆ ನೇರ, ಗಟ್ಟಿ. ಮೊಣಕಾಲು ಪೂರ್ತಿ ಮಡಚುತ್ತಿತ್ತು. ಹಾಗಾದರೆ ಈ ಕುಂಟು ಎಲ್ಲಿಯದು? ತಲೆ ಕೆಟ್ಟು ಸುತ್ತ ನೋಡಿದವನಿಗೆ ಬೆಂಚಿನ ಕೆಳಗೆ ಬಿಟ್ಟಿದ್ದ ಆಕೆಯ ಚಪ್ಪಲಿಗಳು ಕಂಡವು. ಎರಡನ್ನೂ ಕೈಗೆತ್ತಿಕೊಂಡೆ. ಎಡಗಾಲಿನದು ಭಾರವಾಗಿತ್ತು. ಅದರ ಅಟ್ಟೆಗೆ ಮೂರು ಪದರ ಎಮ್ಮೆ ತೊಗಲು ಸೇರಿಸಿ, ಹೊಲಿಗೆ ಕಾಣದಂತೆ ಹೊಲಿದಿತ್ತು. ಸರಿಯಾಗಿ ಒಂದು ಇಂಚು ಎತ್ತರ.

ಗಂಡ ಎತ್ತಿನ ಕಡೆ ನೋಡುತ್ತಿದ್ದ.

"ಕಾಲು ಕಡಿಮಿ ಐತಿ ಅಂತ ಅವತ್ತು ನೀವ ಕೂಗಿದ್ರಲ್ರಿ," ಎಂದ. "ಇಕಿಗೆ ತಿಳೀಬಾರದು, ಮನಸಿಗೆ ಹಚ್ಕೋತಾಳ ಅಂತ ನಾನ ಹೊಲಿದು ಕೂಡಿಸಿದೆ. ಕುಂಟೂದು ಕಡಿಮಿ ಆಗ್ಲಿಲ್ಲ. ಅದಕ್ಕ ಮತ್ತೊಂದು ಪದರ ಹಾಕಿದೆ. ಮತ್ತೂ ಆಗ್ಲಿಲ್ಲ, ಇನ್ನೊಂದು ಹಾಕಿದೆ. ಮನ್ಯಾಗೂ ಬರಿಗಾಲಿಲೆ ನಡಿಯಾಕ ಬಿಡ್ಲಿಲ್ಲ."

ಆಕೆ ಎದ್ದು ಕುಳಿತು ಚಪ್ಪಲಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ತಿರುಗಿಸಿ ನೋಡಿದಳು, ಮೂಸಿ ನೋಡಿದಳು. ಬರಿಗಾಲಿನಲ್ಲಿ ಅಂಗಳಕ್ಕೆ ಇಳಿದಳು. ಹುಣಸೆ ಮರದವರೆಗೆ ನಡೆದಳು, ತಿರುಗಿದಳು, ನಡೆದು ಬಂದಳು. ಸೊಂಟ ಏರಲಿಲ್ಲ, ಇಳಿಯಲಿಲ್ಲ. ನಾನು ಕೂಗಿದೆನೋ ಅತ್ತೆನೋ ನೆನಪಿಲ್ಲ. ಗಾಡಿಯವನು ನೆಲಕ್ಕೆ ಕುಸಿದು ಕುಳಿತು ರುಮಾಲಿನಿಂದ ಮುಖ ಮುಚ್ಚಿಕೊಂಡ. ಆಕೆ ಬಂದು ಅವನೆದುರು ನಿಂತಳು. ಸಿಟ್ಟಿಗೋ ನಗೆಗೋ ಆಕೆಯ ಗಲ್ಲ ಅದುರುತ್ತಿತ್ತು.

"ಇನ್ನ ಮ್ಯಾಲ ನನ್ನ ಕಾಲಿಗೆ ಏನರ ಮಾಡೂದಿದ್ರ," ಎಂದಳು, "ಮೊದಲ ನನ್ನ ಕೇಳು."

ಆಕೆ ಹೇಳಿದ್ದು ಗಂಡನಿಗೆ. ಆಕೆಯನ್ನು ಕೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡವನು ನಾನು, ಪಕ್ಕದಲ್ಲೇ ಟೇಪು ಹಿಡಿದು ನಿಂತಿದ್ದೆ.